ಕೈ ಮುಂದೆ ಹೋಗದ ದಿನಗಳು: ಗಿಟಾರ್ ಕಲಿಯುವವರಿಗೂ ಕಲಿಸುವವರಿಗೂ ಒಂದು ಪಾಠ



ಹಿಂದೂಪುರದ ನಮ್ಮ ಧರ್ಮಕೇಂದ್ರದಲ್ಲಿ ಪ್ರತಿ ಶನಿವಾರ ಸಂಜೆ ಗಿಟಾರ್ ತರಗತಿ ನಡೆಯುವುದು ನಿಮಗೆ ಗೊತ್ತೇ ಇದೆ. ತಿಂಗಳಿಗೆ ಎರಡು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದ ಮೇಲೆ, ಪಾವಗಡದ ದಾರಿಯಲ್ಲಿ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೂ ಹೋಗಿ ಕಲಿಸುತ್ತೇನೆ. ಜೂನ್ ತಿಂಗಳಲ್ಲಿ ಎರಡೂ ಕಡೆ ಸೇರಿ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದರು. ಅಕ್ಟೋಬರ್ ಹೊತ್ತಿಗೆ ಉಳಿದವರು ಏಳು ಮಂದಿ. ಬಿಟ್ಟವರನ್ನು ಕೇಳಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು: "ಅಣ್ಣಾ, ಎಷ್ಟು ಪ್ರಾಕ್ಟೀಸ್ ಮಾಡಿದರೂ ಅಷ್ಟೇ. ಮುಂದಕ್ಕೆ ಹೋಗ್ತಾನೇ ಇಲ್ಲ."

ನಮ್ಮಲ್ಲಿ ತೆಲುಗು ಪೂಜೆಗೆ ದೊಡ್ಡ ಗಾನವೃಂದ ಇದೆ, ಕೀಬೋರ್ಡ್ ಇದೆ, ತಬಲಾ ಇದೆ. ಆ ಅಣ್ಣಂದಿರು ಅಕ್ಕಂದಿರು ನಮಗೂ ಎಷ್ಟೋ ಸಲ ಕೈಜೋಡಿಸಿದ್ದಾರೆ. ಆದರೆ ತಿಂಗಳಿಗೊಮ್ಮೆ ನಡೆಯುವ ಕನ್ನಡ ಪೂಜೆಗೆ ನಮ್ಮವರೇ ಆಗಿ ವಾದ್ಯ ನುಡಿಸುವವರು ಬೆರಳೆಣಿಕೆಯಷ್ಟು. ಇಲ್ಲಿ ಒಂದು ಮಗು ಬೇಸರದಿಂದ ಗಿಟಾರನ್ನು ಚೀಲಕ್ಕೆ ಹಾಕಿ ಮನೆಗೆ ಹೋಯಿತೆಂದರೆ ನಷ್ಟ ಆ ಮಗುವಿಗೆ ಮಾತ್ರ ಅಲ್ಲ. ಅದಕ್ಕೇ ಈ ತಿಂಗಳ ಪಾಠಕ್ಕೆ ಈ ವಿಷಯವನ್ನೇ ತೆಗೆದುಕೊಂಡಿದ್ದೇನೆ. ಮೊದಲು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ.

1. ನಡೆದದ್ದು

ಕಲ್ಯಾಣದುರ್ಗದ ತರಗತಿಯಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ. ಮೊದಲ ಎರಡು ತಿಂಗಳಲ್ಲಿ ಎಲ್ಲರಿಗಿಂತ ಬೇಗ ಕಲಿತವನು. ಜಿ, ಸಿ, ಡಿ, ಇ ಮೈನರ್ ಎಲ್ಲ ಬಂತು. ಎಫ್ ಕಾರ್ಡ್‌ಗೆ ಬಂದ ಕೂಡಲೇ ನಿಂತುಬಿಟ್ಟ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎಫ್ ಹಿಡಿಯಲು ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಇದಕ್ಕೆ ಬಾರ್ ಕಾರ್ಡ್ ಎನ್ನುತ್ತಾರೆ. ಗಿಟಾರ್ ಬಿಟ್ಟುಬಿಡುವವರಲ್ಲಿ ಅನೇಕರು ಬಿಡುವುದು ಈ ಮೆಟ್ಟಿಲಲ್ಲೇ.

ಮೂರು ತರಗತಿ ಕಳೆದರೂ ಅವನ ಎಫ್ ತಂತಿಗಳು ಗರ್ರೆನ್ನುತ್ತಲೇ ಇದ್ದವು. ನಾಲ್ಕನೆಯ ಸಲ ನನಗೆ ತಾಳ್ಮೆ ತಪ್ಪಿತು. ಎಲ್ಲರ ಮುಂದೆ, "ಮನೇಲಿ ಮುಟ್ಟೋದೇ ಇಲ್ಲ ಅಂತ ಕಾಣುತ್ತೆ. ಆಸೆ ಇಲ್ಲದಿದ್ದರೆ ಬರಬೇಡ" ಅಂದೆ. ಅವನು ಎದುರು ಮಾತಾಡಲಿಲ್ಲ. ತಲೆ ತಗ್ಗಿಸಿ ತರಗತಿ ಮುಗಿಯುವವರೆಗೆ ಕೂತಿದ್ದ. ಮುಂದಿನ ಸಲ ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ.

ಮನೆ ಹುಡುಕಿಕೊಂಡು ಹೋದೆ. ಹುಡುಗ ಇರಲಿಲ್ಲ. ಅವನ ಅಜ್ಜಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. "ಪ್ರಾಕ್ಟೀಸ್ ಮಾಡ್ತಾನಾ ಅಜ್ಜಿ?" ಎಂದು ಕೇಳಿದೆ. "ಮಾಡ್ತಾನೇನಪ್ಪ ಅಂತೀಯಾ? ರಾತ್ರಿ ಹತ್ತಾದ್ರೂ ಬಿಡ್ತಿರಲಿಲ್ಲ. ಅವನ ಬೆರಳು ನೋಡಿದ್ರೆ ಹೊಟ್ಟೆ ಉರೀತಿತ್ತು" ಅಂದರು. ಗೋಡೆಗೆ ಒರಗಿಸಿದ್ದ ಗಿಟಾರ್ ತೆಗೆದುಕೊಂಡು ನಾನೇ ಎಫ್ ಹಿಡಿದೆ. ಗರ್ರೆಂದಿತು. ಇನ್ನೂ ಬಲವಾಗಿ ಒತ್ತಿದೆ. ಮತ್ತೆ ಗರ್ರೆಂದಿತು. ತಂತಿಗಳು ಹಲಗೆಯಿಂದ ಅಷ್ಟು ಮೇಲಿದ್ದವು. ತರಗತಿಯಲ್ಲಿ ಅವನ ಕೈಯಲ್ಲಿದ್ದ ವಾದ್ಯವನ್ನು ನಾನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ವಿಷಯವೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅಜ್ಜಿ ಬೈಯಲಿಲ್ಲ. ಕೈಕೆಲಸ ನಿಲ್ಲಿಸದೇ ಹೇಳಿದರು: "ಗಿಡ ಕಿತ್ತು ಕಿತ್ತು ನೋಡಿದ್ರೆ ಕಾಯಿ ಬಲೀತದೇನಪ್ಪ?"

2. ನಿಂತಂತೆ ಕಾಣುವುದು ಏಕೆ?

ಅಜ್ಜಿಯ ಮಾತು ಬಸ್ಸಿನಲ್ಲಿ ಹಿಂದೂಪುರ ತಲುಪುವವರೆಗೂ ಬಿಡಲಿಲ್ಲ. ನಮ್ಮ ಸೀಮೆಯ ಹೊಲಗಳಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆಗಿಡ ಬಿತ್ತಿದ ಸುಮಾರು ಒಂದು ತಿಂಗಳಿಗೆ ಹಳದಿ ಹೂ ಬಿಡುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಎಳೆ ಹೊರಟು ಮಣ್ಣಿಗೆ ಇಳಿಯುತ್ತದೆ. ತೆಲುಗಿನವರು ಇದನ್ನು ಊಡ ಇಳಿಯುವುದು ಎನ್ನುತ್ತಾರೆ. ಕಾಯಿ ಕಟ್ಟುವುದು ಆ ಎಳೆಯ ತುದಿಯಲ್ಲಿ, ಮಣ್ಣಿನ ಒಳಗೆ. ಮೇಲಿನಿಂದ ನೋಡುವವರಿಗೆ ಗಿಡ ವಾರಗಟ್ಟಲೆ ಹಾಗೇ ಇರುತ್ತದೆ. ಬೆಳೆ ಆಗುತ್ತಿರುವುದು ಆಗಲೇ.

ಕಲಿಕೆಯಲ್ಲೂ ಇಂಥ ಕಾಲ ಇದೆಯೆಂದು ಅಳೆದು ತೋರಿಸಿದವರು ಇದ್ದಾರೆ. 1897ರಲ್ಲಿ ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಎಂಬವರು ತಂತಿ ಸಂದೇಶ, ಅಂದರೆ ಟೆಲಿಗ್ರಾಫ್ ಕಲಿಯುವವರನ್ನು ಗಮನಿಸಿ ಒಂದು ಪ್ರಬಂಧ ಪ್ರಕಟಿಸಿದರು. (ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ನಿಮ್ಮ ತಾತಂದಿರನ್ನು ಕೇಳಿದರೆ ಕಟ್ಟು ಕಡೆ ಸದ್ದಿನ ಕಥೆ ಹೇಳುತ್ತಾರೆ.) ಪ್ರತಿವಾರ ನಿಮಿಷಕ್ಕೆ ಎಷ್ಟು ಅಕ್ಷರ ಎಂದು ಲೆಕ್ಕ ಹಾಕಿದಾಗ, ಸಂದೇಶ ಕಳಿಸುವ ವೇಗ ಒಂದೇ ಸಮನೆ ಏರುತ್ತಾ ಹೋಯಿತು. ಆದರೆ ಕೇಳಿ ಬರೆದುಕೊಳ್ಳುವ ವೇಗ ನಡುವೆ ವಾರಗಟ್ಟಲೆ ನೆಲದಂತೆ ಸಪಾಟಾಗಿ ನಿಂತು, ಆಮೇಲೆ ಮತ್ತೆ ಏರಿತು. 1899ರ ಎರಡನೆಯ ಪ್ರಬಂಧದಲ್ಲಿ ಅವರು ಕೊಟ್ಟ ಕಾರಣ ಇದು: ಮೊದಲು ಕಿವಿ ಒಂದೊಂದೇ ಅಕ್ಷರ ಹಿಡಿಯುತ್ತದೆ, ಆಮೇಲೆ ಇಡೀ ಪದ, ಆಮೇಲೆ ಇಡೀ ವಾಕ್ಯ. ಕೆಳಗಿನ ಅಭ್ಯಾಸ ಪೂರ್ತಿ ಮೈಗೂಡುವವರೆಗೆ ಮೇಲಿನದು ಏಳುವುದಿಲ್ಲ.

ಗಿಟಾರಿನಲ್ಲೂ ಹೀಗೆಯೇ. ಮೊದಲು ಒಂದೊಂದು ಬೆರಳಿಗೆ ಜಾಗ ಹೇಳಿಕೊಡುತ್ತೇವೆ. ಆಮೇಲೆ ನಾಲ್ಕೂ ಬೆರಳು ಒಂದೇ ಏಟಿಗೆ ಕಾರ್ಡ್ ಆಗಿ ಕೂರಬೇಕು. ಆಮೇಲೆ ಕಾರ್ಡ್ ಕಡೆ ಗಮನವೇ ಇಲ್ಲದೆ ಹಾಡಿನ ಸಾಲು ಹರಿಯಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವ ನಡುವೆ ಎಲ್ಲ ನಿಂತುಹೋದ ಹಾಗೆ ಅನಿಸುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ. 1958ರಲ್ಲಿ ಫ್ರೆಡ್ ಕೆಲ್ಲರ್ ಎಂಬ ಮನಶ್ಶಾಸ್ತ್ರಜ್ಞ, ಟೆಲಿಗ್ರಾಫ್ ಕಲಿಯುವವರೆಲ್ಲರೂ ಹೀಗೆ ನಿಲ್ಲಲೇಬೇಕೆಂಬ ನಿಯಮವೇನೂ ಇಲ್ಲ ಎಂದು ವಾದಿಸಿದರು. ಹಾಗಾಗಿ "ಎಲ್ಲರಿಗೂ ಹೀಗೇ, ಕಾಯ್ತಾ ಇರು" ಎಂದು ಕಲಿಸುವವನು ಕೈಕಟ್ಟಿ ಕೂರುವಂತಿಲ್ಲ. ಕೆಲವು ಸಲ ನಿಂತಿರುವುದು ಕಾಯಿ ಬಲಿಯುತ್ತಿರುವುದರಿಂದ. ಕೆಲವು ಸಲ ಬುಡಕ್ಕೆ ಹುಳು ಬಿದ್ದಿರುವುದರಿಂದ. ಯಾವುದೆಂದು ತಿಳಿಯುವುದೇ ಕಲಿಸುವವನ ಕೆಲಸ.

3. ಮೊದಲು ವಾದ್ಯ ನೋಡಿ

ಉಕ್ಕಿನ ತಂತಿ ಹಾಕಿದ ಗಿಟಾರಿನಲ್ಲಿ ಆರು ತಂತಿಗಳ ಎಳೆತ ಒಟ್ಟು ಸುಮಾರು 70 ಕಿಲೋ ಭಾರಕ್ಕೆ ಸಮ. ಮಗು ಈ ಎಳೆತಕ್ಕೆ ಎದುರಾಗಿ ಬೆರಳಿನಿಂದ ಒತ್ತಬೇಕು. ಆದ್ದರಿಂದ ಬೈಯುವ ಮುಂಚೆ ಮೂರು ಸಂಗತಿ ಪರೀಕ್ಷಿಸಿ.

ಒಂದು, ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ ಹತ್ತಿರ ಸ್ಕೇಲ್ ಇಟ್ಟು ನೋಡಿ. ದಪ್ಪ ತಂತಿಯ ಕೆಳಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಯ ಕೆಳಗೆ ಸುಮಾರು 2 ಮಿಲಿಮೀಟರ್ ಇದ್ದರೆ ಸರಿ. ಆ ಹುಡುಗನ ಗಿಟಾರಿನಲ್ಲಿ 5 ಮಿಲಿಮೀಟರ್ ಇತ್ತು. ಸೇತುವೆಯ ಮೇಲಿನ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲ್ ಅನ್ನು, ತಳದ ಕಡೆಯಿಂದ ಉಜ್ಜುಕಾಗದದಲ್ಲಿ ಸ್ವಲ್ಪ ಸ್ವಲ್ಪವೇ ತಿಕ್ಕಿ ತಗ್ಗಿಸಬಹುದು. ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಒಂದು ಮಿಲಿಮೀಟರ್ ಇಳಿಯಬೇಕು. ಹೆಚ್ಚು ತಿಕ್ಕಿದರೆ ಮತ್ತೆ ಏರಿಸಲಾಗದು, ಆದ್ದರಿಂದ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಕತ್ತು ಬಾಗಿದ್ದರೂ ತಂತಿ ಎತ್ತರವಾಗುತ್ತದೆ. ಅದನ್ನು ರಿಪೇರಿಯವರಿಗೇ ಬಿಡಿ.

ಎರಡು, ತಂತಿಯ ದಪ್ಪ. ಚಿಕ್ಕ ಮಕ್ಕಳಿಗೆ ತೆಳುವಾದ ಸೆಟ್ ಹಾಕಿ. ಮೊದಲ ತಂತಿ 0.012 ಇಂಚಿನ ಬದಲು 0.010 ಇಂಚು ಇದ್ದರೆ ಬೆರಳಿಗೆ ಎಷ್ಟೋ ಹಗುರ.

ಮೂರು, ಶ್ರುತಿ. ನಮ್ಮ ಕಡೆಯ ಬೇಸಿಗೆಯಲ್ಲಿ ಮನೆಯೊಳಗೆ ಇಟ್ಟ ಗಿಟಾರೂ ಶ್ರುತಿ ತಪ್ಪುತ್ತದೆ. ಬೆರಳು ಸರಿಯಾಗಿ ಕೂತರೂ ಧ್ವನಿ ಕೆಟ್ಟದಾಗಿ ಬಂದರೆ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ. ಪ್ರತಿದಿನ ನುಡಿಸುವ ಮುಂಚೆ ಮೊಬೈಲಿನ ಟ್ಯೂನರ್‌ನಿಂದ ಎರಡು ನಿಮಿಷ ಸರಿಪಡಿಸಿಕೊಳ್ಳಲಿ.

4. ಕಲಿಯುವವರಿಗೆ

(ಅ) ಎಫ್ ಅನ್ನು ಮೇಲಿನಿಂದ ಕೆಳಗೆ ಇಳಿಸಿ. ಬಾರ್ ಕಾರ್ಡ್‌ಗೆ ಅತಿ ಕಷ್ಟದ ಜಾಗ ಮೊದಲ ಫ್ರೆಟ್. ತಂತಿ ಅಲ್ಲಿ ನಟ್‌ಗೆ ತೀರಾ ಹತ್ತಿರವಿರುವುದರಿಂದ ಬಗ್ಗುವುದಿಲ್ಲ. ಜೊತೆಗೆ ಮನೆಯೂ ಅಗಲ. 650 ಮಿಲಿಮೀಟರ್ ತಂತಿಯ ಗಿಟಾರಿನಲ್ಲಿ ಮೊದಲ ಮನೆ ಸುಮಾರು 36 ಮಿಲಿಮೀಟರ್, ಐದನೆಯದು ಸುಮಾರು 29 ಮಿಲಿಮೀಟರ್. ಆದ್ದರಿಂದ ಅದೇ ಆಕಾರವನ್ನು ಮೊದಲು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ. ಅಲ್ಲಿ ಅದು ಎ ಕಾರ್ಡ್ ಆಗುತ್ತದೆ. ಶುದ್ಧವಾಗಿ ಬಂದ ಮೇಲೆ ನಾಲ್ಕಕ್ಕೆ ಇಳಿಸಿ, ಆಮೇಲೆ ಮೂರಕ್ಕೆ. ಅಲ್ಲಿ ಜಿ ಆಗುತ್ತದೆ. ಕೊನೆಗೆ ಒಂದಕ್ಕೆ. ಎರಡು ವಾರ ಬೇಕಾಗಬಹುದು, ಎರಡು ತಿಂಗಳೂ ಆಗಬಹುದು. ಅಲ್ಲಿಯವರೆಗೆ ಹಾಡಿನಲ್ಲಿ ಕೆಳಗಿನ ನಾಲ್ಕು ತಂತಿಯ ಚಿಕ್ಕ ಎಫ್ ಸಾಕು. ಯಾರೂ ನಗುವುದಿಲ್ಲ.

(ಆ) ಒಂದೇ ನಿಮಿಷ ಎಣಿಸಿ. "ಚೆನ್ನಾಗಿ ಬಂತಾ?" ಎಂದು ಮನಸ್ಸನ್ನು ಕೇಳಿದರೆ ಬೇಸರದ ದಿನ ಅದು ಸುಳ್ಳು ಹೇಳುತ್ತದೆ. ಗಡಿಯಾರ ಇಟ್ಟುಕೊಂಡು ಸಿ ಕಾರ್ಡ್‌ನಿಂದ ಎಫ್‌ಗೆ, ಎಫ್‌ನಿಂದ ಸಿ ಕಾರ್ಡ್‌ಗೆ ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಸೋಮವಾರ 7 ಇದ್ದದ್ದು ಶನಿವಾರ 9 ಆದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪುಸ್ತಕಕ್ಕೆ ಗೊತ್ತಾಗುತ್ತದೆ.

(ಇ) ಒಂದನೇ ಕಾಲದಲ್ಲೇ ನುಡಿಸಿ. ಕರ್ನಾಟಕ ಸಂಗೀತ ಕಲಿಯುವ ನಿಮ್ಮ ಗೆಳೆಯರು ಸರಳೆ ವರಸೆಯನ್ನು ಮೊದಲು ವಿಳಂಬವಾಗಿ ಒಂದನೇ ಕಾಲದಲ್ಲಿ, ಅದು ನಿಂತ ಮೇಲೆ ಎರಡನೇ ಕಾಲ, ಮೂರನೇ ಕಾಲ ಎಂದು ಹಾಡುವುದನ್ನು ಕೇಳಿದ್ದೀರಿ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಈ ಕ್ರಮ ಗಿಟಾರಿಗೂ ಸಲ್ಲುತ್ತದೆ. ಮೆಟ್ರೊನೋಮ್ ಆ್ಯಪನ್ನು 60ಕ್ಕೆ ಇಡಿ. ನಾಲ್ಕು ಏಟಿಗೆ ಒಂದು ಕಾರ್ಡ್. ಮೂರು ಸಲ ತಪ್ಪಿಲ್ಲದೆ ಬಂದರೆ 64. ತಪ್ಪಿದರೆ ಮತ್ತೆ 60. ತಪ್ಪನ್ನು ವೇಗವಾಗಿ ನೂರು ಸಲ ಮಾಡಿದರೆ ಕೈ ಕಲಿಯುವುದು ತಪ್ಪನ್ನೇ.

(ಈ) ದಿನಕ್ಕೆ ಇಪ್ಪತ್ತು ನಿಮಿಷ, ಆಮೇಲೆ ನಿದ್ದೆ. ಶನಿವಾರ ಬೆಳಿಗ್ಗೆ ಒಂದೇ ಸಲ ಎರಡು ಗಂಟೆ ಕೂತು ಸಂಜೆ ತರಗತಿಗೆ ಬರುವುದರಿಂದ ಬೆರಳು ನೋಯುತ್ತದೆ ಅಷ್ಟೇ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಜನರಿಗೆ ಎಡಗೈ ಬೆರಳುಗಳಿಂದ ಒಂದು ಕ್ರಮದಲ್ಲಿ ಕೀಲಿಗಳನ್ನು ಒತ್ತಲು ಕಲಿಸಿದರು. ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಅವರ ವೇಗ ಸುಮಾರು 20 ಶೇಕಡಾ ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಿಗೆ ಆ ಲಾಭ ಸಿಗಲಿಲ್ಲ. ರಾತ್ರಿ ಹತ್ತರ ಮೇಲೂ ಬೆರಳು ನೋಯಿಸಿಕೊಳ್ಳುವ ಬದಲು ಮಲಗಿ. ಕೆಲಸ ಒಳಗೆ ನಡೆಯುತ್ತದೆ.

(ಉ) ಕ್ಯಾಪೊ ಹಿಂದೆ ಅಡಗಬೇಡಿ. ಇದು ನನ್ನ ಎರಡನೆಯ ತಪ್ಪೊಪ್ಪಿಗೆ. ಕ್ಯಾಪೊ ಇರುವುದು ಹಾಡುವವರ ಶ್ರುತಿಗೆ ಗಿಟಾರನ್ನು ಹೊಂದಿಸಲು. ನಾನು ಎರಡು ವರ್ಷ ಅದನ್ನು ಎಫ್ ತಪ್ಪಿಸಿಕೊಳ್ಳಲು ಬಳಸಿದೆ. ಬಾರ್ ಕಾರ್ಡ್ ಇರುವ ಯಾವ ಹಾಡು ಬಂದರೂ ಕ್ಯಾಪೊ ಹಾಕಿ ಜಿ ಆಕಾರಗಳಲ್ಲೇ ಮುಗಿಸುತ್ತಿದ್ದೆ. ಜನ ಚೆನ್ನಾಗಿದೆ ಅನ್ನುತ್ತಿದ್ದರು. ನಾನು ಮಾತ್ರ ಇದ್ದಲ್ಲೇ ಇದ್ದೆ. ಬರುವುದನ್ನೇ ಮತ್ತೆ ಮತ್ತೆ ನುಡಿಸುವುದು ಸುಖ, ಆದರೆ ಅದು ಅಭ್ಯಾಸವಲ್ಲ. ಇಪ್ಪತ್ತು ನಿಮಿಷದಲ್ಲಿ ಐದು ನಿಮಿಷವಾದರೂ ಬಾರದ್ದಕ್ಕೆ ಕೊಡಿ.

5. ಕಲಿಸುವವರಿಗೆ

ಈಗ ನನ್ನಂಥವರಿಗೆ, ತಮ್ಮ ತಂಗಿಯರಿಗೆ ಮನೆಯಲ್ಲಿ ಹೇಳಿಕೊಡುವವರಿಗೂ ಸೇರಿಸಿ, ನಾಲ್ಕು ಮಾತು.

ಮಗು ನಿಂತಾಗ ಮೊದಲು ಕೋಪ ಬರುವುದು ನಮಗೆ. ಅದು ಮಗುವಿನ ಮೇಲಿನ ಕೋಪ ಎಂದುಕೊಳ್ಳುತ್ತೇವೆ. ಆ ದಿನ ನನಗೆ ನಿಜವಾಗಿ ಇದ್ದದ್ದು ಹೆದರಿಕೆ. ಹದಿನಾಲ್ಕು ಏಳಾಗಿತ್ತು. ಕ್ರಿಸ್ಮಸ್ ಹತ್ತಿರ ಬರುತ್ತಿತ್ತು. ಫಾದರ್ ಕೇಳಿದರೆ ಏನು ಹೇಳಲಿ ಎಂಬ ಚಿಂತೆಯನ್ನು ಒಬ್ಬ ಹುಡುಗನ ಬೆರಳುಗಳ ಮೇಲೆ ಹಾಕಿದೆ.

"ಪ್ರಾಕ್ಟೀಸ್ ಮಾಡಿದ್ಯಾ?" ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಅದು ಪ್ರಶ್ನೆಯಲ್ಲ, ಆಪಾದನೆ. ಅದರ ಬದಲು "ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ತೋರಿಸು" ಎನ್ನುತ್ತೇನೆ. ಆಗ ಮಗು ತನ್ನ ಕಷ್ಟವನ್ನು ತಾನೇ ಹುಡುಕುತ್ತದೆ. ಎಷ್ಟೋ ಸಲ ಗರ್ರೆನ್ನುವುದು ಒಂದೇ ತಂತಿ. ಬೆರಳನ್ನು ಒಂದು ನೂಲು ಹೊರಳಿಸಿದರೆ ಸರಿಹೋಗುತ್ತದೆ.

ತಿಂಗಳಿಗೊಮ್ಮೆ ಪ್ರತಿಯೊಬ್ಬರದೂ ಅರ್ಧ ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡುತ್ತೇನೆ. "ನಾನು ಮುಂದೆ ಹೋಗ್ತಾನೇ ಇಲ್ಲ" ಅನ್ನುವವರಿಗೆ ಎರಡು ತಿಂಗಳ ಹಿಂದಿನದು ಕೇಳಿಸುತ್ತೇನೆ. ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಪೂರ್ತಿ ಕಲಿತ ಮೇಲೆ ಪೂಜೆಗೆ ಸೇರಿಸಿಕೊಳ್ಳೋಣ ಎಂದು ಕಾಯಬೇಡಿ. ಬರುವ ಮೂರು ಕಾರ್ಡ್‌ಗೆ ಒಂದು ಹಾಡು ಕೊಡಿ. 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ "ಸೈಲೆಂಟ್ ನೈಟ್" ಹಾಡು ಮೊದಲ ಸಲ ಕೇಳಿಬಂತು. ಪದ ಬರೆದವರು ಸಹಾಯಕ ಧರ್ಮಗುರು ಜೋಸೆಫ್ ಮೋರ್, ರಾಗ ಹಾಕಿದವರು ಶಾಲಾಮಾಸ್ತರರಾಗಿದ್ದ ಫ್ರಾಂಜ್ ಗ್ರೂಬರ್. ಹಾಡಿದವರು ಅವರಿಬ್ಬರೇ, ಪಲ್ಲವಿಗೆ ಗಾನವೃಂದ, ಜೊತೆಗಿದ್ದ ವಾದ್ಯ ಗಿಟಾರ್. ಇಂದು ಜಗತ್ತೆಲ್ಲ ಹಾಡುವ ಆ ಹಾಡಿಗೆ ಜಿ, ಸಿ, ಡಿ ಮೂರೇ ಕಾರ್ಡ್ ಸಾಕು. ಎಫ್ ಬೇಕಾಗಿಯೇ ಇಲ್ಲ.

6. ಬಿತ್ತಿದವನು ಮಲಗುತ್ತಾನೆ

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಕುರಿತ ಶಾಸನವನ್ನು ಪ್ರಕಟಿಸಿತು. ಜನರ ಭಾಷೆಗೆ ಪೂಜೆಯಲ್ಲಿ ದೊಡ್ಡ ಜಾಗ ಸಿಕ್ಕಿತು. ಆರ್ಗನ್ ಅಲ್ಲದೆ ಬೇರೆ ವಾದ್ಯಗಳನ್ನೂ, ಅವು ಪವಿತ್ರ ಕಾರ್ಯಕ್ಕೆ ತಕ್ಕವಾಗಿದ್ದರೆ, ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು. ಆಂಧ್ರದ ಒಂದು ಮೂಲೆಯಲ್ಲಿ ನಾವು ಕನ್ನಡದಲ್ಲಿ, ಗಿಟಾರ್ ಹಿಡಿದು ಹಾಡುತ್ತಿರುವುದರ ಹಿಂದೆ ಆ ದಿನ ಇದೆ. ಬಾಗಿಲು ತೆರೆದಿದೆ. ಒಳಗೆ ಬಂದು ನುಡಿಸುವವರು ಬೇಕು.

ಮಾರ್ಕನ ಶುಭಸಂದೇಶದ 4ನೇ ಅಧ್ಯಾಯ, 26ರಿಂದ 29ರವರೆಗಿನ ವಚನಗಳನ್ನು ಮನೆಯಲ್ಲಿ ಓದಿ. ಬೀಜ ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಹೇಗೆ ಮೊಳೆತು ಬೆಳೆಯುತ್ತದೆಂದು ಅವನಿಗೇ ತಿಳಿಯದು. ಈ ಸಾಮತಿಯ ರೈತ ಸೋಮಾರಿಯಲ್ಲ. ಬಿತ್ತಿದ್ದಾನೆ, ಫಸಲು ಬಂದಾಗ ಕುಡುಗೋಲು ಹಿಡಿದು ಬರುತ್ತಾನೆ. ನಡುವೆ ಮಾತ್ರ ಗಿಡ ಕೀಳಲು ಹೋಗುವುದಿಲ್ಲ.

ಆ ಹುಡುಗನ ವಿಷಯ ಕೇಳುತ್ತೀರಿ. ಸ್ಯಾಡಲ್ ತಗ್ಗಿಸಿ, ತೆಳು ತಂತಿ ಹಾಕಿಸಿ, ಗಿಟಾರನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. "ತಪ್ಪು ನಂದು ಕಣೋ" ಎಂದು ಅವನ ಮುಂದೆ ಹೇಳಿದೆ. ಮುಂದಿನ ತರಗತಿಯಲ್ಲಿ ಅದನ್ನೇ ಎಲ್ಲರ ಮುಂದೆ ಹೇಳಿದೆ, ಏಕೆಂದರೆ ಬೈದದ್ದೂ ಎಲ್ಲರ ಮುಂದೆಯೇ. ಆ ದಿನವೂ ಅವನು ಬಂದಿರಲಿಲ್ಲ. ಅದರ ಮುಂದಿನ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಅವನ ಎಫ್‌ನಲ್ಲಿ ಎರಡನೇ ತಂತಿ ಈಗಲೂ ಗರ್ರೆನ್ನುತ್ತದೆ. ಆದರೆ ಹೋದ ತಿಂಗಳ ಕನ್ನಡ ಪೂಜೆಯಲ್ಲಿ ಕಾಣಿಕೆ ಗೀತೆಗೆ ಜಿ, ಸಿ, ಡಿ ನುಡಿಸಿದವನು ಅವನೇ. ಪೂಜೆ ಮುಗಿದ ಮೇಲೆ ಆರನೇ ತರಗತಿಯ ಒಬ್ಬ ಹುಡುಗಿಗೆ ಜಿ ಹೇಗೆ ಹಿಡಿಯುವುದೆಂದು ತೋರಿಸುತ್ತಿದ್ದ. "ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ತೋರಿಸು" ಎನ್ನುತ್ತಿದ್ದ.

ಈ ತಿಂಗಳ ಅಭ್ಯಾಸ

ಕಲಿಯುವವರು: ಒಂದು ನೋಟ್‌ಬುಕ್ ಇಟ್ಟು ಪ್ರತಿದಿನ ಒಂದು ನಿಮಿಷದ ಲೆಕ್ಕ ಬರೆಯಿರಿ. ನಾಲ್ಕು ವಾರ ಮುಗಿಯುವವರೆಗೆ ಚೆನ್ನಾಗಿದೆ, ಕೆಟ್ಟಿದೆ ಎಂಬ ತೀರ್ಪು ಬೇಡ.

ಕಲಿಸುವವರು: ಪ್ರತಿಯೊಬ್ಬ ಮಗುವಿನ ವಾದ್ಯವನ್ನು ಒಮ್ಮೆ ನಿಮ್ಮ ಕೈಯಲ್ಲಿ ಹಿಡಿದು ನುಡಿಸಿ ನೋಡಿ.

ಹೆತ್ತವರು: "ಇನ್ನೂ ಅದೇ ಹಾಡಾ?" ಎನ್ನುವ ಬದಲು ಐದು ನಿಮಿಷ ಪಕ್ಕದಲ್ಲಿ ಕೂತು ಕೇಳಿ.

ಗುಂಪಿನಲ್ಲಿ ಚರ್ಚಿಸಲು

1. ಓದಿನಲ್ಲಿ, ಆಟದಲ್ಲಿ, ಪ್ರಾರ್ಥನೆಯಲ್ಲಿ ನೀವು ಮುಂದೆ ಹೋಗದೆ ನಿಂತ ಕಾಲ ಯಾವುದು? ಆಗ ಯಾರು ಏನು ಹೇಳಿದ್ದು ಸಹಾಯವಾಯಿತು?

2. ನಿಂತಿರುವವರನ್ನು ಕಂಡಾಗ, ಕಾಯಬೇಕೋ, ಏನಾದರೂ ಸರಿಪಡಿಸಬೇಕೋ ಎಂದು ಹೇಗೆ ತಿಳಿಯುವುದು?

3. ನಮ್ಮ ಕನ್ನಡ ಪೂಜೆಯಲ್ಲಿ, ಪೂರ್ತಿ ಕಲಿಯುವ ಮುಂಚೆಯೇ ಯಾರಿಗೆ ಒಂದು ಚಿಕ್ಕ ಜಾಗ ಕೊಡಬಹುದು?

ಅರ್ಧಕ್ಕೆ ಬಿಟ್ಟ ಏಳು ಮಂದಿಯಲ್ಲಿ ಒಬ್ಬ ಮಾತ್ರ ಹಿಂದಿರುಗಿದ್ದಾನೆ. ಉಳಿದ ಆರು ಮಂದಿ ಈ ಪಾಠ ಓದುತ್ತಿದ್ದರೆ, ಶನಿವಾರ ಸಂಜೆ ಬಾಗಿಲು ತೆಗೆದೇ ಇರುತ್ತದೆ. ಬರುವಾಗ ಗಿಟಾರ್ ತನ್ನಿ. ಮೊದಲು ಅದನ್ನೇ ನೋಡೋಣ.